ಕೊಲಾಜ್ ಕಲಿಯೋಕೆ ಗ್ಯಾಲರಿ ಸುತ್ತಬೇಕಾ?

ದಾವಣಗೆರೆಯಲ್ಲಿ ಕೂತು ಕೊಲಾಜ್, ಅಂದರೆ ಕಾಗದದ ತುಂಡು ಅಂಟಿಸಿ ಚಿತ್ರ, ಮಾಡೋರಿಗೆ ಬೆಂಗಳೂರಿನ ಗ್ಯಾಲರಿ ಸುತ್ತಿದರೆ ಉಪಯೋಗ ಇದೆಯಾ, ಇಲ್ಲ ಬಸ್ ಚಾರ್ಜ್ ದಂಡವಾ ಅಂತ ಕೇಳಿದ್ದೀರಿ. ನಾನು ಹೋದ ವಾರವಷ್ಟೇ ಹೋಗಿ ಬಂದೆ. ಉಪಯೋಗ ಇದೆ. ಆದರೆ ಐಡಿಯಾ ಸಿಗುತ್ತೆ ಅಂತ ಹೋಗಬೇಡಿ, ಒಂದಕ್ಕೊಂದು ಸೇರುವ ಅಂಚು ನೋಡೋಕೆ ಹೋಗಿ.

ಮತ್ತೆ, ಸೋಮವಾರ ಮಾತ್ರ ಹೋಗಬೇಡಿ. ಮಾಣಿಕ್ಯವೇಲು ಮ್ಯಾನ್ಷನ್ನಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಕಸ್ತೂರಬಾ ರಸ್ತೆಯ ಮ್ಯಾಪ್‌ಗೂ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಅವತ್ತು ರಜೆ. ಹಿಂದೊಮ್ಮೆ ಇದು ಗೊತ್ತಿಲ್ಲದೆ 260 ಕಿಲೋಮೀಟರ್ ಹೋಗಿ, ಮುಚ್ಚಿದ ಗೇಟು ನೋಡಿ, ಕಬ್ಬನ್ ಪಾರ್ಕಿನಲ್ಲಿ ಕಡ್ಲೆಕಾಯಿ ತಿಂದು ವಾಪಸ್ ಬಂದವನು ನಾನು.

ಈ ಸಲ ಮಂಗಳವಾರ ಹೋದೆ. ಆಧುನಿಕ ಕಲಾ ಗ್ಯಾಲರಿಯಲ್ಲಿ ಬಣ್ಣದ ಚಿತ್ರಗಳೇ ಜಾಸ್ತಿ, ಕಾಗದ ಅಂಟಿಸಿದ್ದು ಕಡಿಮೆ. ಪರವಾಗಿಲ್ಲ. ಎರಡು ಬಣ್ಣ ಸೇರುವ ಜಾಗ ಎಲ್ಲಿ ಗೆರೆ ಕೊಯ್ದ ಹಾಗಿದೆ, ಎಲ್ಲಿ ಒಂದರೊಳಗೊಂದು ಕರಗಿದೆ ಅನ್ನೋದನ್ನಷ್ಟೇ ನೋಡುತ್ತಾ ಹೋದೆ. ಮೂಗು ತಾಗಿಸುವಷ್ಟು ಹತ್ತಿರ ಹೋದಾಗ ಕಾವಲಿನವರು 'ಸ್ವಲ್ಪ ಹಿಂದೆ ಸರ್' ಅಂದರು, ಎರಡು ಸಲ.

ಮ್ಯಾಪ್ ಸಂಗ್ರಹದಲ್ಲಿ ಹಳೆ ಕಾಲದ ಬಟ್ಟೆ ಲೇಬಲ್‌ಗಳಿವೆ. ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆಗೆ ಇಂಥ ಲೇಬಲ್ ಅಂಟಿಸುತ್ತಿದ್ದರು, ಮೇಲೆ ದೇವರು, ಆನೆ, ಹುಲಿ. ಓದು ಬಾರದವರೂ ಚಿತ್ರ ನೋಡಿ ಇಂಥದೇ ಬಟ್ಟೆ ಅಂತ ಗುರುತು ಹಿಡಿಯಬೇಕಲ್ಲ, ಅದಕ್ಕೆ. ನಮ್ಮಜ್ಜ ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿದ್ದವರು, ಅವರ ಟ್ರಂಕಿನ ಮುಚ್ಚಳದ ಒಳಗೂ ಇಂಥದೇ ಲಕ್ಷ್ಮಿ ಅಂಟಿಸಿತ್ತು. ಅವರು ತೀರಿಕೊಂಡ ಮೇಲೆ ಟ್ರಂಕನ್ನು ಗುಜರಿಗೆ ಹಾಕಿದ್ದು ನಾನೇ, ಈಗ ಹೊಟ್ಟೆ ಉರಿಯುತ್ತೆ.

ಬುಧವಾರ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಜನವರಿಯ ಚಿತ್ರಸಂತೆಗೆ ನೀವೂ ಹೋಗಿರಬಹುದು. ಆ ಜಾತ್ರೆ ಬಿಡಿ, ಒಳಗಿನ ತೊಗಲು ಗೊಂಬೆಗಳನ್ನು ನೋಡಿ. ಒಡವೆ, ಸೀರೆ ಸೆರಗು ಇರೋ ಕಡೆಯೆಲ್ಲ ಸಣ್ಣ ಸಣ್ಣ ತೂತು. ಹಿಂದಿನಿಂದ ದೀಪ ಬಿದ್ದಾಗ ಆ ತೂತುಗಳೇ ಒಡವೆ ಆಗುತ್ತವೆ. ಅಂದರೆ ಅಂಚನ್ನು ಕತ್ತರಿಸದೆಯೂ ಮಾಡಬಹುದು, ಬರೀ ಚುಚ್ಚಿ.

ಊರಿಗೆ ಬಂದ ಮೇಲೆ ಶುರುವಾಯ್ತು ನಿಜವಾದ ಕೆಲಸ. ನನಗೆ ಕಾಗದ ಬರೋದು ಒಂದು ಆಫ್‌ಸೆಟ್ ಪ್ರೆಸ್ಸಿನಿಂದ. ಮಷಿನ್ ಹೊಂದಿಸುವಾಗ ಹೊಸ ಹಾಳೆ ಹಾಳು ಮಾಡಬಾರದು ಅಂತ ಹಳೆ ವೇಸ್ಟ್ ಶೀಟನ್ನೇ ಮತ್ತೆ ಮತ್ತೆ ಬಿಡುತ್ತಾರೆ. ಒಂದರ ಮೇಲೊಂದು ಪ್ರಿಂಟ್ ಬೀಳುತ್ತೆ. ಈ ವಾರ ಸಿಕ್ಕಿದ ಒಂದು ಶೀಟಿನಲ್ಲಿ ಮದುವೆ ಕಾರ್ಡಿನ ಗಣಪತಿ, ಅದರ ಮೇಲೆ ಮೆಕ್ಕೆಜೋಳದ ಬೀಜದ ಜಾಹೀರಾತು, ಅದರ ಮೇಲೆ ತಲೆಕೆಳಗಾಗಿ ಯಾರದೋ ಗೃಹಪ್ರವೇಶ. 'ತಮ್ಮ ಆಗಮನಾಭಿಲಾಷಿಗಳು' ಅನ್ನೋದು ಸರಿಯಾಗಿ ಜೋಳದ ತೆನೆ ಮೇಲೆ ಬಿದ್ದಿತ್ತು. ಇದನ್ನು ನಾನು ಕೂತು ಯೋಚಿಸಿ ಮಾಡೋಕಾಗುತ್ತಾ? ಜರ್ಮನಿಯ ಕಲಾವಿದ ಕುರ್ಟ್ ಶ್ವಿಟರ್ಸ್ ಟ್ರಾಮ್ ಟಿಕೆಟ್ಟು, ಹರಿದ ಕಾಗದ ಆಯ್ದು ಅಂಟಿಸುತ್ತಿದ್ದ ಅಂತ ಓದಿದಾಗ ಬರದ ಧೈರ್ಯ ಪ್ರೆಸ್ಸಿನ ಕಸದ ಮೂಲೆಯಲ್ಲಿ ಬಂತು.

ಆ ಶೀಟನ್ನು ಕತ್ತರಿ ಮುಟ್ಟದೆ ಹರಿದೆ. ಪ್ರಿಂಟ್ ಆದ ದಪ್ಪ ಕಾಗದ ಹರಿದಾಗ ಒಂದು ತುಂಡಿಗೆ ಬಿಳಿ ಅಂಚು ಬರುತ್ತೆ, ಇನ್ನೊಂದಕ್ಕೆ ಬರಲ್ಲ. ಕೈ ಎಳೆಯುವ ದಿಕ್ಕು ಬದಲಿಸಿದರೆ ಬಿಳಿ ಆಚೆ ಕಡೆ ತುಂಡಿಗೆ ಹೋಗುತ್ತೆ. ನಾಲ್ಕೈದು ತುಂಡು ಹರಿಯುವಷ್ಟರಲ್ಲಿ ಬೆರಳಿಗೇ ಗೊತ್ತಾಗುತ್ತೆ. ನ್ಯೂಸ್ ಪೇಪರ್ ಬೇರೆ ಥರ, ಒಂದು ದಿಕ್ಕಿಗೆ ದಾರ ಹಿಡಿದ ಹಾಗೆ ನೆಟ್ಟಗೆ ಹರಿಯುತ್ತೆ, ಅಡ್ಡಕ್ಕೆ ಎಳೆದರೆ ಸೊಟ್ಟ.

ಇನ್ನೊಂದು ಪ್ರಯೋಗ ಶುಕ್ರವಾರದ್ದು. ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಪೂರ್ತಿ ಕಣ್ಣು ಕಳೆದುಕೊಂಡ ಮೇಲೂ ಕಾಗದ ಕತ್ತರಿಸಿ ಚಿತ್ರ ಮಾಡಿದವರು. ನೋಡೇ ಬಿಡೋಣ ಅಂತ ನಾನೂ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತೆ. ಮದುವೆ ಕಾರ್ಡಿನ ಉಬ್ಬು ಅಕ್ಷರ, ನ್ಯೂಸ್ ಪೇಪರಿನ ತೆಳು, ಮಂಡಕ್ಕಿ ಮಿರ್ಚಿ ಕಟ್ಟಿಕೊಟ್ಟ ಎಣ್ಣೆ ಜಿಡ್ಡಿನ ಕಾಗದ, ಮೂರೂ ಕೈಗೆ ಬೇರೆ ಬೇರೆ. ಬಂದ ಚಿತ್ರ ಹೇಳಿಕೊಳ್ಳುವಂಥದ್ದಲ್ಲ. ಅವರ ಹತ್ತಿರ ಒಂದು ಜನ್ಮದ ಅಭ್ಯಾಸ ಇತ್ತು, ನನ್ನ ಹತ್ತಿರ ಟವೆಲ್. ಎಡಗಡೆ ಕೆಳಗಿನ ಮೂಲೆ ಮಾತ್ರ ಚೆನ್ನಾಗಿತ್ತು, ಅದನ್ನು ಕತ್ತರಿಸಿ ಇಟ್ಟುಕೊಂಡೆ. ಜಿಡ್ಡಿನ ಕಾಗದಕ್ಕೆ ಅಂಟೂ ಹಿಡಿಯಲಿಲ್ಲ.

ಅಂಟು ಅಂದರೆ ಮನೆಯಲ್ಲೇ ಕಾಯಿಸಿದ ಮೈದಾ. ಒಂದು ಚಮಚ ಮೈದಾಕ್ಕೆ ಐದಾರು ಚಮಚ ನೀರು, ಗಂಟಾಗದ ಹಾಗೆ ಕದಡಿ ಸಣ್ಣ ಉರಿ. ಹುಳ ಬರದಿರಲಿ ಅಂತ ಪೋಸ್ಟರ್ ಅಂಟಿಸೋರು ಮೈಲುತುತ್ತ (ನೀಲಿ ಬಣ್ಣದ ಕಾಪರ್ ಸಲ್ಫೇಟ್) ಹಾಕುತ್ತಾರೆ. ಅದು ವಿಷ, ಅಡುಗೆ ಪಾತ್ರೆ ಮುಟ್ಟಿಸಬೇಡಿ. ನಾನು ಅದಕ್ಕೇ ಅಂತ ಒಂದು ಹಳೆ ಡಬ್ಬಿ ಇಟ್ಟಿದ್ದೇನೆ. ಈ ಸಲ ಕೈ ಜಾಸ್ತಿಯಾಗಿ ಅಂಟೆಲ್ಲ ತಿಳಿ ನೀಲಿ ಆಯ್ತು, ಬಿಳಿ ಅಂಚಿಗೆಲ್ಲ ನೀಲಿ ಹತ್ತಿತು. ಒರೆಸಲಿಲ್ಲ, ಗಣಪತಿ ಹಿಂದೆ ಆಕಾಶ ಬಂದ ಹಾಗಿತ್ತು.

ಬೆಂಗಳೂರಿಗೆ ಹೋಗೋಕೆ ಆಗದಿದ್ದರೆ ಊರಲ್ಲೇ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಹುಡುಗರ ಪ್ರದರ್ಶನ ಇದ್ದಾಗ ಹೋಗಿ. ಮಾಡಿದವರೇ ಪಕ್ಕದಲ್ಲಿ ನಿಂತಿರುತ್ತಾರೆ, ಏನು ಅಂಟು ಹಾಕಿದೆ ಅಂತ ಕೇಳಬಹುದು.

ನನ್ನ ಗಣಪತಿ ಸದ್ಯಕ್ಕೆ ರುಬ್ಬುಗುಂಡಿನ ಕೆಳಗೆ ಒಣಗುತ್ತಿದೆ. ಒದ್ದೆ ಕಾಗದ ಮುದುರಬಾರದಲ್ಲ. ಅಮ್ಮ ಬೆಳಿಗ್ಗೆಯಿಂದ ಗುಂಡು ಕೇಳ್ತಿದ್ದಾರೆ.