12 ವರ್ಷ ಬ್ಯಾರೆ ಇದ್ದ ಗಂಡಗ ಈಗ ಡಿಮೆನ್ಷಿಯಾ (ಮರವಿನ ರೋಗ) ಅಂತ, ಮಕ್ಕಳು ಬಂದು ನೋಡ್ಕೋ ಅಂತಾರ, ಹೋಗಬೇಕಾ?

ಅಕ್ಕಾರ, ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದಿ ಬರಲಿಲ್ಲ. ನಂದೂ ಇದ ಕಥಿ. ನಾನು ಗದಗದಾಗ, ನಮ್ಮನಿಯವ್ರು ಹುಬ್ಬಳ್ಳ್ಯಾಗ, ಡೈವೋರ್ಸ್ ಅಂತ ಏನಿಲ್ಲ, 9 ವರ್ಷ ಮಾತಿರಲಿಲ್ಲ ಅಷ್ಟ. ನನ್ನ ಬಂಗಾರ ಮಾರಿ ತಗೊಂಡ ಪ್ಲಾಟ್ ಅವ್ರ ತಮ್ಮನ ಹೆಸರಿಗೆ ಮಾಡಿ ಕೊಟ್ರು, ನನಗ ಒಂದು ಮಾತೂ ಕೇಳಲಿಲ್ಲ.

ಹೋದ ವರ್ಷ ಮಗ ಫೋನ್ ಮಾಡಿ, ಅಪ್ಪ ನಸುಕಿನ್ಯಾಗ ಡ್ಯೂಟಿಗೆ ಹೊಂಟೇನಿ ಅಂತ ಡಬ್ಬಿ ಹಿಡಕೊಂಡು ಸ್ಟೇಷನ್‌ಗೆ ಹೋಗಿದ್ರು ಅಂದ, ರಿಟೈರ್ ಆಗಿ 11 ವರ್ಷ ಆಗಿತ್ತು. ಧಾರವಾಡದ ಡಿಮ್ಹಾನ್ಸ್‌ಗೆ, ಅಂದ್ರ ಮನಸ್ಸು-ಮೆದುಳಿನ ಸರ್ಕಾರಿ ದವಾಖಾನಿಗೆ, ಕರ್ಕೊಂಡು ಹೋದ್ವಿ. ವಿಟಮಿನ್ ಬಿ12, ಥೈರಾಯ್ಡ್ ರಕ್ತ ಪರೀಕ್ಷೆ ಮೊದ್ಲು ಮಾಡಿದ್ರು, ಅವು ಕಮ್ಮಿಜಾಸ್ತಿ ಆದ್ರೂ ಮರವು ಬರ್ತದ, ಅದಕ್ಕ ಔಷಧ ಐತಿ. ನಿಮ್ಮವ್ರಿಗೂ ಇವೆರಡು ಆಗ್ಯಾವೋ ಇಲ್ಲೋ ಕೇಳ್ರಿ. ನಮ್ಮವ್ರದು ಅಲ್ಝೈಮರ್ ಅಂತ ಆತು, ಅದೂ ಡಿಮೆನ್ಷಿಯಾದ ಒಂದು ಥರ. ಗುಳಿಗಿ ಕೊಟ್ಟಾರ, ಆದ್ರ ಹೋದ ನೆನಪು ಅದ್ರಿಂದ ತಿರುಗಿ ಬರಂಗಿಲ್ಲ.

ನಾ ಹೋದ ಮೊದಲನೇ ವಾರ ಪ್ಲಾಟಿನ ಮಾತು ತಗದ್ನಿ. 9 ವರ್ಷ ಎದಿಯೊಳಗ ಇಟ್ಕೊಂಡಿದ್ದು ನೋಡ್ರಿ. ಅವ್ರು ನನ್ನ ಮಾರಿ ನೋಡಿ "ಯಾವ ಪ್ಲಾಟ್ ರೀ?" ಅಂದ್ರು. ನಾಟಕ ಅಲ್ಲ, ಖರೇನ ಗೊತ್ತಿಲ್ಲ. ಈ ರೋಗದಾಗ ಇತ್ತೀಚಿಂದು ಮೊದ್ಲು ಹೋಗ್ತದ, ಹಳೇದು ಭಾಳ ದಿನ ಉಳೀತದ, ಹಂಗಾಗಿ ಜಗಳ ಅಳಿಸಿ ಹೋಗಿ ಲಗ್ನದ ವರ್ಷ ಉಳದೈತಿ. ದಿನಾ ಸಂಜಿ 5 ಆತಂದ್ರ ಚಡಪಡಿಕಿ ಸುರು, "ಗದಗದಿಂದ ನಮ್ಮಾಕಿ ಬರ್ತಾಳ, ಬಾಗಲಾ ಹಾಕಬ್ಯಾಡ್ರಿ" ಅಂತ ನನಗ ಹೇಳ್ತಾರ. ನಾನ ಆಕಿ ಅಂದ್ರ ಸಿಟ್ಟು ಬರ್ತದ, ಅದಕ್ಕ ಈಗ ಹೂಂ ಅಂತೇನಿ, ಲೈಟ್ ಲಗೂ ಹಚ್ಚಿ ಚಾ ಕೊಟ್ಟು ಬಾಜೂಕ ಕುಂಡ್ರತೇನಿ. ತಪ್ಪಾತು ಅನ್ನಬೇಕಾದಾವ್ರು ಇನ್ನ ಇಲ್ಲ, ಆ ಜಗಳ ಈಗ ನನ್ನೊಬ್ಬಾಕಿ ಕಡೆ ಉಳದೈತಿ, ಇದು ಭಾಳ ಭಾರ ಅಕ್ಕಾರ, ತಯಾರಿ ಇಲ್ದ ಹೋಗಬ್ಯಾಡ್ರಿ. ನಾ ಇನ್ನೂ ಕ್ಷಮಿಸಿಲ್ಲ. ಆದ್ರೂ ಜಳಕಾ ಮಾಡಸ್ತೇನಿ, ರೊಟ್ಟಿ ಹಾಲಾಗ ನೆನಸಿ ತಿನಸ್ತೇನಿ. ಎರಡೂ ಒಟ್ಟಿಗೆ ಆಗ್ತದ.

ಮಕ್ಕಳ ಹತ್ರ ಮೊದ್ಲ ಗಟ್ಟಿಯಾಗಿ ಮಾತಾಡ್ರಿ. ನಾ ಹೇಳಿದ್ದು, ರಾತ್ರಿ ಮಗಂದು, ರವಿವಾರ ನಾ ಗದಗಕ್ಕ, ಪೆನ್ಷನ್ ರೊಕ್ಕದಾಗ ಒಬ್ಬ ಮನಶಾನ್ನ ಇಡಬೇಕು. ಬ್ಯಾಂಕು, ಆಸ್ತಿ ಸಹಿ ಏನಿದ್ರೂ ಅವ್ರಿಗೆ ತಿಳಿಯೋದ್ರೊಳಗ ಮುಗಸ್ರಿ, ತಿಳುವಳಿಕಿ ಪೂರ್ತಿ ಹೋದ ಮ್ಯಾಲೆ ಪವರ್ ಆಫ್ ಅಟಾರ್ನಿನೂ ನಡಿಯಂಗಿಲ್ಲ. ಹಿರಿಯರ ಸಹಾಯವಾಣಿ 14567 ಐತಿ, ಕೇಳಿ ನೋಡ್ರಿ. ಅವ್ರ ಕಿಸೇದಾಗ ಫೋನ್ ನಂಬರಿನ ಚೀಟಿ ಇಡ್ರಿ, ಗ್ಯಾಸ್ ಸಿಲಿಂಡರ್ ಬಂದ್ ಮಾಡೋದು ಮರಿಬ್ಯಾಡ್ರಿ.

ಹೋಗೋದಿದ್ರ ಒಂದು ತಿಂಗಳಿಗಂತ ಹೇಳಿ ಹೋಗ್ರಿ. ಈಗಿರೋ ಮನಿ ಮಾತ್ರ ಬಿಡಬ್ಯಾಡ್ರಿ. ನಾನೂ ಗದಗದ ಮನಿ ಬಾಡಗಿ ಇನ್ನೂ ಕಟ್ಟಾಕತ್ತೇನಿ.