ದಾಲ್ ಮಿಲ್‌ನಿಂದ ಜನರಿಗೆ ಆದ ಲಾಭವನ್ನು ಅರ್ಜಿಯಲ್ಲಿ ಹೇಗೆ ತೋರಿಸಬೇಕು?

ಆಳಂದ ಕಡೆಯ ನಿಮ್ಮ ರೈತ ಉತ್ಪಾದಕ ಕಂಪನಿಯಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ತಂತ್ರಜ್ಞಾನದ ಮಿನಿ ದಾಲ್ ಮಿಲ್ ಇದೆ, ಪ್ರಶಸ್ತಿ ಅರ್ಜಿಯ ‘ಸಾರ್ವಜನಿಕ ಪ್ರಯೋಜನ’ ಕಾಲಂನಲ್ಲಿ ಏನು ಬರೆಯಬೇಕು ಎಂದು ಕೇಳಿದ್ದೀರಿ.

ಎಷ್ಟು ಮಷಿನ್ ಹೋದವು, ಎಷ್ಟು ಲೈಸೆನ್ಸ್ ಕೊಟ್ಟರು ಎಂಬುದು ಲ್ಯಾಬ್‌ನ ಲೆಕ್ಕ. ಅದಕ್ಕೆ ಒಂದು ಸಾಲು ಸಾಕು. ಮತದಾನದ ಶಾಯಿಯನ್ನೇ ನೋಡಿ. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ತಯಾರಿ ಮೈಸೂರು ಪೇಂಟ್ಸ್‌ನದು, 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಎರಡನೇ ಸಲ ಓಟು ಹಾಕಲು ಬಂದವರನ್ನು ತಡೆದದ್ದೇ ಅದರ ಪ್ರಯೋಜನ. ನಿಮ್ಮಲ್ಲಿ ಕೇಳಬೇಕಾದದ್ದು ಇಷ್ಟು: ಕ್ವಿಂಟಾಲ್ ತೊಗರಿಗೆ ಎಷ್ಟು ಬೇಳೆ ಹೆಚ್ಚು ಬಂತು, ಆ ದುಡ್ಡು ಯಾರ ಕೈ ಸೇರಿತು?

ಒಂದೇ ರಾಶಿಯ, ಒಂದೇ ತಳಿಯ ತೊಗರಿ ಸೋಸಿ ಎರಡು ಪಾಲು ಮಾಡಿ. ಒಂದು ನಿಮ್ಮ ಮಿಲ್‌ಗೆ, ಇನ್ನೊಂದು ಮೊದಲು ಒಡೆಸುತ್ತಿದ್ದ ಕಡೆಗೆ. ಬೇಳೆ, ನುಚ್ಚು, ಪುಡಿ, ಹೊಟ್ಟು, ಒಡೆಯದ ಕಾಳು ಎಲ್ಲವನ್ನೂ ಬೇರೆ ಬೇರೆ ತೂಗಿ. ತೊಗರಿಯಲ್ಲಿ ಹೊಟ್ಟೇ ಶೇ. 12–15 ಇರುತ್ತದೆ, ಬೇಳೆ ಶೇ. 90 ಬಂತು ಎಂದು ಯಾರಾದರೂ ಬರೆದರೆ ತೂಕದಲ್ಲೇ ತಪ್ಪಿದೆ.

ಹೆಚ್ಚಿನವರು ಎಡವುವುದು ತೇವಾಂಶದಲ್ಲಿ. ಶೇ. 12 ತೇವದ 100 ಕೆಜಿ ಕಾಳು ಶೇ. 9ಕ್ಕೆ ಒಣಗಿದರೆ 96.7 ಕೆಜಿ ಆಗುತ್ತದೆ. ಹೋದದ್ದು ಬರೀ ನೀರು. ಆದ್ದರಿಂದ ಎರಡೂ ಕಡೆಯ ಬೇಳೆಗೆ ತೇವಾಂಶ ಅಳೆಯುವ ಮೀಟರ್ ಹಿಡಿದು, ತೂಕವನ್ನು ಶೇ. 10ರ ತೇವಕ್ಕೆ ತನ್ನಿ: ತೂಕವನ್ನು (100 − ತೇವಾಂಶ) ಇಂದ ಗುಣಿಸಿ 90ರಿಂದ ಭಾಗಿಸಿ. ಹಳೆ ಮಿಲ್‌ನಲ್ಲಿ ಶೇ. 13 ತೇವದ 76 ಕೆಜಿ, ನಿಮ್ಮಲ್ಲಿ ಶೇ. 9ರ 74 ಕೆಜಿ ಬಂತೆನ್ನಿ. ತಕ್ಕಡಿಯಲ್ಲಿ ಹಳೆಯದೇ ಮುಂದೆ. ಲೆಕ್ಕ ಹಾಕಿದರೆ ಅದು 73.5, ನಿಮ್ಮದು 74.8.

ಕಾಳು ಹದ ಮಾಡುವ ಕ್ರಮವನ್ನೂ ಬರೆದಿಡಿ. ತೊಗರಿಯ ಸಿಪ್ಪೆ ಅಂಟಿನಂಥ ಪದರದಿಂದ ಕಾಳಿಗೆ ಕಚ್ಚಿಕೊಂಡಿರುತ್ತದೆ. ಎಣ್ಣೆ ಸವರಿ, ನೀರು ಚಿಮುಕಿಸಿ, ರಾತ್ರಿ ಮುಚ್ಚಿಟ್ಟು, ಬಿಸಿಲಿಗೆ ಹಾಕಿದರೆ ಸಡಿಲವಾಗುತ್ತದೆ. ಹದ ಕಡಿಮೆಯಾದರೆ ರೋಲರ್‌ಗೆ ಮತ್ತೆ ಮತ್ತೆ ಹಾಕಬೇಕಾಗಿ ಬೇಳೆಯ ಅಂಚು ಪುಡಿಯಾಗುತ್ತದೆ. ಎರಡೂ ಕಡೆ ಬೇರೆ ಬೇರೆ ಹದವಿದ್ದರೆ ಗೆದ್ದದ್ದು ಮಷಿನ್ನೋ ಹದವೋ ಹೇಳಲಾಗದು.

ಇನ್ನು ದುಡ್ಡು. ಹೆಚ್ಚಾದ ಬೇಳೆಗೆ ಆ ದಿನದ ಗಂಜ್ (ಸಗಟು ಮಾರುಕಟ್ಟೆ) ದರ ಹಾಕಿ, ಕರೆಂಟು, ಕೂಲಿ, ರೋಲರ್ ಸವಕಳಿ ಕಳೆಯಿರಿ. ಬಹಳ ಮಂದಿ ಮರೆಯುವ ಇನ್ನೊಂದು ಕಳೆಯುವ ಲೆಕ್ಕವಿದೆ: ಆ ಬೇಳೆ ಬಂದದ್ದು ಮೊದಲು ನುಚ್ಚು-ಪುಡಿಯಾಗಿ ಹೋಗುತ್ತಿದ್ದ ಕಾಳಿನಿಂದಲೇ, ಅದು ದನದ ಆಹಾರಕ್ಕೆ ಮಾರಾಟವಾಗುತ್ತಿತ್ತು. ಆ ಆದಾಯ ಈಗಿಲ್ಲ.

ಒಟ್ಟು ಲಾಭಕ್ಕೆ ಮಷಿನ್ ಸಾಮರ್ಥ್ಯವನ್ನು 300 ದಿನದಿಂದ ಗುಣಿಸಬೇಡಿ. ರಿಜಿಸ್ಟರ್‌ನಲ್ಲಿರುವ ಕ್ವಿಂಟಾಲ್ ಮಾತ್ರ ಹಿಡಿಯಿರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಅದರಿಂದಲೋ ಮಾರುಕಟ್ಟೆ ಏರಿದ್ದರಿಂದಲೋ ಬಂದ ಹೆಚ್ಚಿನ ದರವನ್ನು ಮಷಿನ್ ಖಾತೆಗೆ ಬರೆದರೆ ಇಡೀ ಅರ್ಜಿಯೇ ಸಂಶಯಕ್ಕೆ ಬೀಳುತ್ತದೆ.

ತೂಕದ ಚೀಟಿಗಳ ಪ್ರತಿ ಲಗತ್ತಿಸಿ. ಹೆಸರುಗಳಲ್ಲಿ ವಿಜ್ಞಾನಿಗಳ ಜೊತೆ ಮಷಿನ್ ಕಟ್ಟಿದ ವರ್ಕ್‌ಶಾಪ್‌ನವರನ್ನೂ, ನಮ್ಮ ಕಾಳಿನ ಗಾತ್ರಕ್ಕೆ ರೋಲರ್ ಅಂತರ ಹೊಂದಿಸುವ ನಿಮ್ಮ ಆಪರೇಟರ್‌ನನ್ನೂ ಖಂಡಿತ ಸೇರಿಸಿ.