ಹಸು ಮಾರಿ ನರ್ಸಿಂಗ್ ಸೇರಲಾ?

ಪ್ರಶ್ನೆ: ಮೇಡಂ, ನಾನು ಮದ್ದೂರಿನವಳು. ಪಿಯುಸಿ ಕಲಾ ವಿಭಾಗದಲ್ಲಿ ಪಾಸಾಗಿದ್ದೇನೆ. ಮಂಡ್ಯದ ಒಂದು ಖಾಸಗಿ ಸಂಸ್ಥೆಯವರು 1 ವರ್ಷದ ನರ್ಸಿಂಗ್ ಕೋರ್ಸ್ ಮಾಡು, ಕೆಲಸ ಗ್ಯಾರಂಟಿ ಅನ್ನುತ್ತಾರೆ. ಫೀಸಿಗೆ ಹಸು ಮಾರೋಣ ಅಂತಿದ್ದಾರೆ ಅಪ್ಪ. ಸೇರಲಾ?

ಉತ್ತರ: ಹಸು ಮಾರುವುದು ಸದ್ಯಕ್ಕೆ ಬೇಡಮ್ಮ. ಆ 1 ವರ್ಷದ ಸರ್ಟಿಫಿಕೇಟಿನಿಂದ ನೀನು ಸಹಾಯಕಿ ಆಗಬಹುದು, ನರ್ಸ್ ಆಗಲ್ಲ. ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಲು 2 ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಹೆರಿಗೆ ಆರೈಕೆ ಕೋರ್ಸ್) ಆದರೂ ಬೇಕು. ಜಿಎನ್‌ಎಂ, ಅಂದರೆ ಸಾಮಾನ್ಯ ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ, 3 ವರ್ಷ. ಎರಡಕ್ಕೂ ಕಲಾ ವಿಭಾಗದವರು ಅರ್ಜಿ ಹಾಕಬಹುದು. ಶೇ 40 ಅಂಕ ದಾಟಿದ್ದರೆ ಜಿಎನ್‌ಎಂಗೇ ಹೋಗು ಅಂತೀನಿ.

ಖಾಸಗಿ ಕಾಲೇಜೆಲ್ಲ ಕೆಟ್ಟದ್ದಲ್ಲ. ಮೊದಲು ಕೌನ್ಸಿಲಿನ ಮಾನ್ಯತೆ ಪತ್ರ ತೋರಿಸಿ ಅಂತ ಕೇಳು. ತರಬೇತಿಗೆ ಯಾವ ಆಸ್ಪತ್ರೆ ಅಂತಲೂ ಕೇಳು. ಇದು ಬಹಳ ಮುಖ್ಯ. ಗೊಂಬೆಯ ತೋಳಿಗೆ ಸೂಜಿ ಹಾಕಿ ಕಲಿತರೆ ಸಾಲದು. ವಯಸ್ಸಾದ ಅಜ್ಜಿಯ ಕೈಯಲ್ಲಿ ನರ ಬೆರಳಿಗೆ ಸಿಕ್ಕ ಹಾಗೇ ಆಗಿ ಜಾರಿಬಿಡುತ್ತೆ. ಇನ್ನೊಂದು ಕೈಯಲ್ಲಿ ಚರ್ಮ ಎಳೆದು ಹಿಡಿಯೋದನ್ನು ಸೀನಿಯರ್ ಸಿಸ್ಟರ್ ಪಕ್ಕ ನಿಂತು, ವಾರ್ಡಿನಲ್ಲೇ ಕಲಿಯಬೇಕು.

ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಅಪ್ಪನ ಜೊತೆ ಒಮ್ಮೆ ಹೋಗು. ಅಲ್ಲಿನ ಸಿಸ್ಟರ್‌ಗಳನ್ನು ಮಾತಾಡಿಸು, ಎಲ್ಲಿ ಓದಿದರು, ಫೀಸು ಎಷ್ಟಾಯಿತು ಅಂತ ಕೇಳು. ಅಲ್ಲಿವರೆಗೂ ಮೂಲ ಅಂಕಪಟ್ಟಿ ಯಾರ ಕೈಗೂ ಕೊಡಬೇಡ.